ನಾಲಿಗೆ ಪೆಟ್ಟಿಗೆ: ಎಂಜಲಿನ ಹೊಳಪಿಗೊಂದು ಕಡಿವಾಣ

ನಾಲಿಗೆಯ ಚಿತ್ರ ತೆಗೆಯಲು ಹೊರಟವರಿಗೆ ಕಾಟ ಕೊಡುವುದು ಎಂಜಲು. ಬಾಯಿಂದ ಹೊರಬಂದ ನಾಲಿಗೆ ಸದಾ ಒದ್ದೆ. ಅದರ ಮೇಲೆ ಬಿದ್ದ ಬೆಳಕೆಲ್ಲ ಬಿಳಿ ಮಚ್ಚೆಗಳಾಗಿ ಕ್ಯಾಮೆರಾಕ್ಕೆ ರಾಚುತ್ತದೆ. ಆ ಮಚ್ಚೆಗಳ ಅಡಿಯಲ್ಲಿ ಗೆರೆ, ಗುಳ್ಳೆ, ಬಣ್ಣ ಎಲ್ಲವೂ ಹೂತುಹೋಗುತ್ತವೆ. ಹಾಗೆಂದು ಹತ್ತಿಬಟ್ಟೆಯಲ್ಲಿ ಒರೆಸಿ ತೆಗೆದರೆ ಅದು ಮಾಂಸದಂಗಡಿಯ ಚಿತ್ರವಾಗುತ್ತದೆ, ಜೀವ ಇರುವುದಿಲ್ಲ. ಹೊಳಪನ್ನು ಪೂರ್ತಿ ಅಳಿಸದೆ, ಪೂರ್ತಿ ಬಿಡದೆ, ಬೇಕಾದಷ್ಟೇ ಉಳಿಸಿಕೊಳ್ಳುವ ಒಂದು ಸಾಧನ ಬೇಕು ಅನ್ನಿಸಿ ಮೈಸೂರಿನ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಕಟ್ಟಿದ್ದು ಈ ಪೆಟ್ಟಿಗೆ.

ಪೆಟ್ಟಿಗೆ ಎಂದರೆ ನಿಜಕ್ಕೂ ಪೆಟ್ಟಿಗೆಯೇ. 12 ಮಿಲಿಮೀಟರ್ ಪ್ಲೈವುಡ್, ಎರಡೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ, ಒಳಗೆಲ್ಲ ಕಪ್ಪು ಬಟ್ಟೆ. ಒಂದು ತುದಿಯಲ್ಲಿ ಗಾಜು, ಇನ್ನೊಂದು ತುದಿಯ ಹಲಗೆಯಲ್ಲಿ ಲೆನ್ಸ್ ತೂರುವಷ್ಟು ತೂತು. ಗಾಜಿನ ಹೊರಮೈಗೆ ಬೆಲ್ಲವನ್ನೋ ಮೊಸರನ್ನೋ ಸವರಿಟ್ಟರೆ ಪ್ರಾಣಿ ತಾನಾಗಿ ಬಂದು ನೆಕ್ಕುತ್ತದೆ. ನಾವು ಅದನ್ನು ಗಾಜಿನ ಹಿಂದಿನಿಂದ ಹಿಡಿಯುತ್ತೇವೆ. ಗಾಜನ್ನು ಕಳಚಿ ಆ ಜಾಗದಲ್ಲಿ ಗಲ್ಲ ಊರುವ ಪಟ್ಟಿ ಹಾಕಿದರೆ ಮನುಷ್ಯರಿಗೂ ಅದೇ ಪೆಟ್ಟಿಗೆ ನಡೆಯುತ್ತದೆ.

ಕಲೆಯಲ್ಲಿ ನಾಲಿಗೆಗೆ ಬರವಿಲ್ಲ. ಕ್ಯಾಲೆಂಡರಿನ ಕಾಳಿಯಿಂದ ಗುಡಿಯ ಉಗ್ರನರಸಿಂಹನವರೆಗೆ, ಹೊರಚಾಚಿದ ಕೆಂಪು ನಾಲಿಗೆಗಳನ್ನು ನೋಡುತ್ತಲೇ ಬೆಳೆದವರು ನಾವು. 1970ರಲ್ಲಿ ಲಂಡನ್ನಿನ ಕಲಾ ವಿದ್ಯಾರ್ಥಿ ಜಾನ್ ಪ್ಯಾಶ್ ರೋಲಿಂಗ್ ಸ್ಟೋನ್ಸ್ ಎಂಬ ರಾಕ್ ಸಂಗೀತ ತಂಡಕ್ಕೆ ತುಟಿ-ನಾಲಿಗೆಯ ಗುರುತು ಬರೆದುಕೊಟ್ಟದ್ದು ತಂಡದ ಹಾಡುಗಾರ ಮಿಕ್ ಜಾಗರ್ ತೋರಿಸಿದ ಕಾಳಿಯ ಪಟವನ್ನು ನೋಡಿಯೇ. ಐನ್‌ಸ್ಟೈನ್ 1951ರ ಮಾರ್ಚ್ 14ರಂದು, ತಮ್ಮ 72ನೆಯ ಹುಟ್ಟುಹಬ್ಬದ ದಿನ, ಕಾರಿನಲ್ಲಿ ಕುಳಿತು ಛಾಯಾಗ್ರಾಹಕ ಆರ್ಥರ್ ಸ್ಯಾಸಿಗೆ ನಾಲಿಗೆ ಚಾಚಿದ್ದು ಜಗತ್ತಿಗೇ ಗೊತ್ತು. ಇವೆಲ್ಲದರಲ್ಲಿಯೂ ನಾಲಿಗೆ ಒಂದು ಸನ್ನೆ: ಉಗ್ರತೆಯದು, ತುಂಟತನದು, ಧಿಕ್ಕಾರದ್ದು. ನಾಲಿಗೆಯ ಮೈ ಹೇಗಿದೆ ಎಂದು ನೋಡುವ ಗೊಡವೆಗೆ ಯಾರೂ ಹೋದಂತಿಲ್ಲ. ಆದರೂ ಪ್ಯಾಶ್ ಬರೆದ ಚಿತ್ರವನ್ನು ಗಮನಿಸಿ, ಕೆಂಪಿನ ಮೇಲೆ ಬಿಳಿ ಮಿಂಚು ಎಳೆದಿದ್ದಾರೆ. ಆ ಮಿಂಚು ತೆಗೆದರೆ ಅದು ಬರೀ ಕೆಂಪು ಕಾಗದದ ತುಂಡು. ನನ್ನ ಪೆಟ್ಟಿಗೆಯ ತಕರಾರೆಲ್ಲ ಆ ಬಿಳಿ ಮಿಂಚಿನ ಅಳತೆಯದ್ದೇ.

ಗಾಜು

ಹಣ ಹೋದದ್ದು ಕ್ಯಾಮೆರಾಕ್ಕಲ್ಲ, ಅದು ಹಳೆಯದೇ ಇತ್ತು. ತಲೆ ಹೋದದ್ದು ಗಾಜಿಗೆ.

ಗಾಜಿನಂಗಡಿಯವರು ಮೊದಲು ತೋರಿಸಿದ್ದು ಟಫನ್ಡ್ ಗ್ಲಾಸ್. “ಹಸು ಗುದ್ದಿದರೂ ಜಗ್ಗುವುದಿಲ್ಲ ಸಾರ್. ಒಡೆದರೂ ಕಲ್ಲುಸಕ್ಕರೆಯ ಹಾಗೆ ಉದುರುತ್ತದೆ, ಯಾರಿಗೂ ದೊಡ್ಡ ಗಾಯ ಆಗುವುದಿಲ್ಲ” ಎಂದರು. ಅವರ ಮಾತಿನಲ್ಲಿ ಸುಳ್ಳಿಲ್ಲ. ಆದರೆ ನನ್ನ ಉಪಾಯ ನಿಂತಿರುವುದೇ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಹಾದುಹೋಗಲು ಬಿಡುವ ಪೋಲರೈಸರ್ ಮೇಲೆ, ಟಫನ್ಡ್ ಗಾಜಿಗೂ ಪೋಲರೈಸರಿಗೂ ಹೊಂದುವುದಿಲ್ಲ. ಅದನ್ನು ಅಂಗಡಿಯಲ್ಲಿಯೇ ನೋಡಿಬಿಡಬಹುದು. ಬಿಲ್ ಹಾಕುವ ಕಂಪ್ಯೂಟರಿನ ಎಲ್‌ಸಿಡಿ ಪರದೆಯಿಂದ ಬರುವ ಬೆಳಕು ಮೊದಲೇ ಪೋಲರೈಸ್ ಆಗಿರುತ್ತದೆ. ಪರದೆಯ ಮೇಲೊಂದು ಖಾಲಿ ಬಿಳಿ ಪುಟ ತೆರೆಸಿ, ಅದರ ಮುಂದೆ ಗಾಜಿನ ತುಂಡನ್ನು ಹಿಡಿಸಿ, ಕ್ಯಾಮೆರಾದ ಪೋಲರೈಸರ್ ಫಿಲ್ಟರನ್ನು ಕಣ್ಣಿಗಿಟ್ಟು ತಿರುಗಿಸಿದೆ. ಪರದೆ ಕಪ್ಪಾಗಬೇಕಾದ ಕಡೆ ಕಪ್ಪಾಯಿತು. ಗಾಜಿದ್ದ ಜಾಗದಲ್ಲಿ ಮಾತ್ರ ಚಿರತೆಯ ಮೈಯಂತೆ ಮಾಸಲು ಚುಕ್ಕೆಗಳ ಸಾಲು ಎದ್ದು ನಿಂತಿತು. ಅಂಗಡಿಯವರು ಫಿಲ್ಟರನ್ನು ನನ್ನ ಕೈಯಿಂದ ಕಿತ್ತುಕೊಂಡು ತಾವೇ ನೋಡಿದರು, ಆಮೇಲೆ ಕೆಲಸದ ಹುಡುಗನಿಗೂ ತೋರಿಸಿದರು. ಇಷ್ಟು ವರ್ಷ ಮಾರಿದ ಗಾಜಿನೊಳಗೆ ಇಂಥದ್ದೊಂದು ಇದೆಯೆಂದು ಅವರಿಗೆ ಗೊತ್ತಿರಲಿಲ್ಲ.

ಕಾರಣ ಇಷ್ಟು. ಟಫನ್ಡ್ ಗಾಜನ್ನು 600 ಡಿಗ್ರಿಗೂ ಮೇಲೆ ಕಾಯಿಸಿ, ತಣ್ಣನೆಯ ಗಾಳಿಯ ಕೊಳವೆಗಳಿಂದ ಥಟ್ಟನೆ ಆರಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ, ಒಳಗಿನದು ನಿಧಾನವಾಗಿ ಆರುತ್ತಾ ಹೊರಮೈಯನ್ನು ಬಿಗಿಯಾಗಿ ಎಳೆದುಕೊಳ್ಳುತ್ತದೆ. ಆ ಬಿಗಿತವೇ ಗಾಜಿನ ಬಲ. ಆದರೆ ಬಿಗಿತ ಇರುವ ಗಾಜನ್ನು ಹಾದುಹೋಗುವ ಬೆಳಕಿನ ಕಂಪನದ ದಿಕ್ಕು ಬದಲಾಗುತ್ತದೆ. ಗಾಳಿ ಬಡಿದ ಕಡೆಗೊಂದು ತರ, ಬಡಿಯದ ಕಡೆಗೊಂದು ತರ, ಹಾಗಾಗಿ ಚುಕ್ಕೆ. ಕಾರಿನ ಹಿಂದಿನ ಗಾಜನ್ನು ಪೋಲರೈಸ್ಡ್ ತಂಪು ಕನ್ನಡಕ ಹಾಕಿಕೊಂಡು ನೋಡಿದವರಿಗೆ ಈ ಚುಕ್ಕೆಗಳ ಪರಿಚಯ ಇರುತ್ತದೆ. ನನ್ನ ಪೆಟ್ಟಿಗೆಯಲ್ಲಿ ಬೆಳಕು ಗಾಜನ್ನು ಒಮ್ಮೆ ಹೋಗುವಾಗ, ಒಮ್ಮೆ ಬರುವಾಗ, ಎರಡು ಸಲ ದಾಟುತ್ತದೆ. ಹಸುವಿನ ನಾಲಿಗೆಯ ಮೇಲೆ ಚಿರತೆಯ ಚುಕ್ಕೆ ಬೇಡ.

ಕಾರಿನ ಮುಂದಿನ ಗಾಜಿನಲ್ಲಿ ಈ ಚುಕ್ಕೆ ಕಾಣುವುದಿಲ್ಲ. ಅದು ಲ್ಯಾಮಿನೇಟೆಡ್. ಎರಡು ಸಾಮಾನ್ಯ ಗಾಜುಗಳ ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಪದರ ಇಟ್ಟು ಬೆಸೆದಿರುತ್ತಾರೆ; ಒಡೆದರೂ ಚೂರುಗಳು ಪದರಕ್ಕೆ ಅಂಟಿಕೊಂಡೇ ಇರುತ್ತವೆ. ಉತ್ತರ ಅಲ್ಲಿತ್ತು. 5 ಮಿಲಿಮೀಟರಿನ ಎರಡು ಪದರ ಸೇರಿದ ಲ್ಯಾಮಿನೇಟೆಡ್ ತುಂಡೊಂದನ್ನು ಅದೇ ಕಂಪ್ಯೂಟರಿನ ಮುಂದೆ ಹಿಡಿದು ನೋಡಿ, ಸಮನಾಗಿ ಕಪ್ಪಾಗುತ್ತದೆಂದು ಖಾತ್ರಿಯಾದ ಮೇಲೆ ಕತ್ತರಿಸಿ ಕೊಡಲು ಹೇಳಿದೆ. ಅಂಚನ್ನು ಚೆನ್ನಾಗಿ ಉಜ್ಜಿಸಬೇಕು, ಇದರಲ್ಲಿ ಚೌಕಾಸಿ ಬೇಡ. ನೆಕ್ಕುವ ಪ್ರಾಣಿ ಅಂಚನ್ನೂ ಬಿಡುವುದಿಲ್ಲ. ಇಷ್ಟು ದಪ್ಪದ ಗಾಜಿಗೆ ಸಣ್ಣ ಹಸಿರು ಛಾಯೆ ಇರುತ್ತದೆ, ಅದು ಕೆಂಪನ್ನು ಮಂಕು ಮಾಡುತ್ತದೆ. ಬೂದು ಬಣ್ಣದ ಕಾರ್ಡನ್ನು ಗಾಜಿನ ಹೊರಗಿಟ್ಟು, ಗಾಜಿನ ಮೂಲಕವೇ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಕ್ಯಾಮೆರಾದಲ್ಲಿ ಮಾಡುವ ಹೊಂದಾಣಿಕೆ) ಹಿಡಿದರೆ ಅದು ಸರಿಹೋಗುತ್ತದೆ.

ಗಾಜನ್ನು ಮರದ ಚೌಕಟ್ಟಿಗೆ ಕೂರಿಸಿದ್ದು ಕಾರಿನ ಬಾಗಿಲಿನ ರಬ್ಬರ್ ಬೀಡಿಂಗಿನಲ್ಲಿ. ಸಿಲಿಕೋನ್ ಹಚ್ಚಿದರೆ ಗಾಜು ತೊಳೆಯಲು ಕಳಚುವಂತಿಲ್ಲ. ಒಳಗೆ ಇನ್ನೊಂದು ಸಣ್ಣ ಕೆಲಸ: ಲೆನ್ಸಿನ ಮುಂದಿನ ಬಳೆಯ ಮೇಲೆ ಬಿಳಿ ಅಕ್ಷರಗಳಲ್ಲಿ ಹೆಸರು, ಅಂಕಿ ಬರೆದಿರುತ್ತಾರಲ್ಲ, ಅದೂ ಗಾಜಿನಲ್ಲಿ ತಿರುಗಾಮುರುಗಾ ಪ್ರತಿಫಲಿಸುತ್ತದೆ. ಕಪ್ಪು ಇನ್ಸುಲೇಷನ್ ಟೇಪನ್ನು ಸುತ್ತಲೂ ಅಂಟಿಸಿ ಮುಚ್ಚಿದೆ.

ಬೆಳಕು

ನಾಲಿಗೆಗೆ ಅಗ್ಗದ ಎಲ್‌ಇಡಿ ನಡೆಯುವುದಿಲ್ಲ. ದೀಪದ ಡಬ್ಬಿಯ ಮೇಲೆ ಸಿಆರ್‌ಐ 80 ಎಂದು ಬರೆದಿರುತ್ತದೆ, ಬಣ್ಣಗಳನ್ನು ದೀಪ ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬುದರ ಅಳತೆ ಅದು, ಜನ ಅದನ್ನು ನೂರಕ್ಕೆ ಎಂಬತ್ತು ಅಂಕ ಎಂದುಕೊಳ್ಳುತ್ತಾರೆ. ಆ ಸರಾಸರಿಯನ್ನು ಎಂಟು ತಿಳಿ ಬಣ್ಣಗಳಿಂದ ಲೆಕ್ಕ ಹಾಕುತ್ತಾರೆ. ಕಡುಗೆಂಪಿನ ಪರೀಕ್ಷೆಗೆ ಆರ್9 ಎಂಬ ಬೇರೆ ಅಂಕಿ ಇದೆ, ಅದು ಸರಾಸರಿಯಲ್ಲಿ ಸೇರುವುದೇ ಇಲ್ಲ. ಸಿಆರ್‌ಐ 80ರ ದೀಪದಲ್ಲಿ ಆರ್9 ಸೊನ್ನೆಯ ಹತ್ತಿರ ಇರಲೂಬಹುದು. ಅಂಥ ದೀಪದಲ್ಲಿ ತೆಗೆದ ನಾಲಿಗೆ ತಂಗಳು ಸಾರಿನ ಬಣ್ಣಕ್ಕೆ ತಿರುಗುತ್ತದೆ. ಕಂಪ್ಯೂಟರಿನಲ್ಲಿ ಎಷ್ಟು ಕೆಂಪು ಸುರಿದರೂ ಇಲ್ಲದ ಕೆಂಪು ಬರುವುದಿಲ್ಲ. ಆರ್9 ಅಂಕಿಯನ್ನು ನಮೂದಿಸಿರುವ, ಅದು 90ರ ಮೇಲಿರುವ ಎರಡು ವಿಡಿಯೋ ಪ್ಯಾನೆಲ್ ತಂದು, ಪೆಟ್ಟಿಗೆಯೊಳಗೆ ಗಾಜಿಗೆ 45 ಡಿಗ್ರಿ ಓರೆಯಾಗಿ ಎರಡೂ ಪಕ್ಕ ನಿಲ್ಲಿಸಿದೆ. ಆ ಕೋನದಲ್ಲಿ ದೀಪದ ನೇರ ಪ್ರತಿಬಿಂಬ ಲೆನ್ಸಿನ ಕಡೆಗೆ ಬರುವುದಿಲ್ಲ, ಪಕ್ಕದ ಕಪ್ಪು ಬಟ್ಟೆಗೆ ಹೋಗಿ ಸಾಯುತ್ತದೆ.

ಈಗ ಪೋಲರೈಸರ್. ಎರಡೂ ಪ್ಯಾನೆಲಿನ ಮುಂದೆ ಪೋಲರೈಸಿಂಗ್ ಹಾಳೆ, ಲೆನ್ಸಿನ ಮುಂದೆ ತಿರುಗಿಸಬಹುದಾದ ಪೋಲರೈಸರ್ ಫಿಲ್ಟರ್. ಹಾಳೆ ದಾಟಿದ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಎಂಜಲಿನ ಮೇಲ್ಮೈಯಿಂದ ಪುಟಿದು ಬರುವ ಬೆಳಕು ಆ ದಿಕ್ಕನ್ನು ಹಾಗೆಯೇ ಉಳಿಸಿಕೊಂಡಿರುತ್ತದೆ. ನಾಲಿಗೆಯ ಮಾಂಸದೊಳಗೆ ಇಳಿದು, ಅಲ್ಲಿ ಅಲೆದಾಡಿ, ಬಣ್ಣ ಹೊತ್ತು ಹೊರಬರುವ ಬೆಳಕು ದಿಕ್ಕು ಕಳೆದುಕೊಂಡಿರುತ್ತದೆ. ಲೆನ್ಸಿನ ಫಿಲ್ಟರನ್ನು ಹಾಳೆಗೆ ಅಡ್ಡವಾಗಿ ತಿರುಗಿಸಿದರೆ ಮೊದಲನೆಯದು ನಿಂತುಬಿಡುತ್ತದೆ, ಎರಡನೆಯದರಲ್ಲಿ ಅರ್ಧ ಒಳಗೆ ಬರುತ್ತದೆ. ಹಲ್ಲಿನ ವೈದ್ಯರು, ಚರ್ಮದ ವೈದ್ಯರು ಇದೇ ಉಪಾಯದಲ್ಲಿ ಚಿತ್ರ ತೆಗೆಯುತ್ತಾರೆ.

ಎರಡು ಹಾಳೆಗಳ ದಿಕ್ಕೂ ಒಂದೇ ಆಗಿರಬೇಕು. ಅದಕ್ಕೆ ಉಪಕರಣ ಬೇಡ, ಅಡುಗೆಮನೆಯ ಸ್ಟೀಲ್ ಚಮಚ ಸಾಕು. ನಾಲಿಗೆ ಬರುವ ಜಾಗದಲ್ಲಿ ಚಮಚವನ್ನು ಕಟ್ಟಿ, ಒಂದು ಪ್ಯಾನೆಲ್ ಮಾತ್ರ ಹೊತ್ತಿಸಿ, ಚಮಚದ ಮಿಂಚು ಆರುವವರೆಗೆ ಲೆನ್ಸಿನ ಫಿಲ್ಟರನ್ನು ತಿರುಗಿಸಬೇಕು. ಸ್ಟೀಲಿನಿಂದ ಬರುವುದೆಲ್ಲ ಮೇಲ್ಮೈಯ ಹೊಳಪೇ ಆದ್ದರಿಂದ ಚಮಚ ಕರಿಗಲ್ಲಿನ ಬಣ್ಣಕ್ಕೆ ಬರುತ್ತದೆ. ಆಮೇಲೆ ಫಿಲ್ಟರನ್ನು ಮುಟ್ಟದೆ ಎರಡನೆಯ ಪ್ಯಾನೆಲ್ ಹೊತ್ತಿಸಿ, ಚಮಚ ಮತ್ತೆ ಕಪ್ಪಾಗುವವರೆಗೆ ಅದರ ಹಾಳೆಯನ್ನು ಓರೆ ಮಾಡುತ್ತಾ ಹೋಗಿ ಅಂಟಿಸಬೇಕು. ಹಾಳೆಗೂ ದೀಪಕ್ಕೂ ನಡುವೆ ಮೂರು ಬೆರಳಿನ ಸಂದು ಇರಲಿ. ಬಿಸಿಗೆ ಹಾಳೆ ಸುಕ್ಕಾಗುತ್ತದೆ.

ಇನ್ನು ಬೇಕಾದಷ್ಟೇ ಹೊಳಪು ಎಂದೆನಲ್ಲ, ಅದರ ಲೆಕ್ಕ. ಪೂರ್ತಿ ಅಡ್ಡ ಇರುವ ಸ್ಥಾನದಿಂದ ಫಿಲ್ಟರನ್ನು 20 ಡಿಗ್ರಿ ಹಿಂದಕ್ಕೆ ತಿರುಗಿಸಿದರೆ ಹೊಳಪಿನ ಶೇಕಡಾ 12ರಷ್ಟು ಮರಳಿ ಬರುತ್ತದೆ, 30 ಡಿಗ್ರಿಗೆ ಕಾಲು ಭಾಗ, 45ಕ್ಕೆ ಅರ್ಧ. ಫಿಲ್ಟರಿನ ಬಳೆಯ ಮೇಲೆ ಸೊನ್ನೆ, 20, 30ಕ್ಕೆ ಕೆಂಪು ಉಗುರುಬಣ್ಣದಲ್ಲಿ ಗುರುತು ಹಾಕಿಕೊಂಡೆ. ಹೆಂಡತಿಯ ಬಾಟಲಿ ಅದು, ಕೇಳದೆ ತೆಗೆದುಕೊಂಡದ್ದು. ಕಟ್ಟಿದ್ದರಲ್ಲೆಲ್ಲ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಮೂರು ಚುಕ್ಕೆಗಳೇ. ಸೊನ್ನೆಯಲ್ಲಿ ನಾಲಿಗೆ ಪಠ್ಯಪುಸ್ತಕದ ಚಿತ್ರ. 20ರಲ್ಲಿ ಅದು ಒದ್ದೆ ಎಂದು ಗೊತ್ತಾಗುತ್ತದೆ, ಆದರೆ ಏನೂ ಮುಚ್ಚಿಹೋಗುವುದಿಲ್ಲ. ಬಹುಪಾಲು ಚಿತ್ರಗಳು 20ರಲ್ಲಿಯೇ ಆದವು.

ಇದಕ್ಕೆಲ್ಲ ತೆರುವ ಬೆಲೆ ಬೆಳಕು. ಹಾಳೆ ಅರ್ಧಕ್ಕಿಂತ ಹೆಚ್ಚು ನುಂಗುತ್ತದೆ, ಫಿಲ್ಟರ್ ಉಳಿದದ್ದರಲ್ಲಿ ಮತ್ತೆ ಅರ್ಧಕ್ಕಿಂತ ಹೆಚ್ಚು. 50 ಮಿಲಿಮೀಟರ್ ಲೆನ್ಸ್, ಅದರ ಕಿಂಡಿ ಎಫ್/8, ಸೆಕೆಂಡಿನ 500ನೆಯ ಒಂದು ಭಾಗ ಎಂದರೆ ಕ್ಯಾಮೆರಾದ ಬೆಳಕಿನ ಸೂಕ್ಷ್ಮತೆಯನ್ನು ಐಎಸ್‌ಒ 3200ಕ್ಕೆ ಏರಿಸಲೇಬೇಕಾಯಿತು. ಫ್ಲ್ಯಾಶ್ ಹಾಕಬಹುದಿತ್ತು, ಆದರೆ ಕೊಟ್ಟಿಗೆಯಲ್ಲಿ ಕಟ್ಟಿದ ಹಸುವಿನ ಮುಖಕ್ಕೆ ಫ್ಲ್ಯಾಶ್ ಹೊಡೆಯುವವರು ಹಗ್ಗವನ್ನೂ ಹಿಡಿದುಕೊಳ್ಳಲಿ. ಫೋಕಸ್ ತಾನಾಗಿ ಹುಡುಕುವಂತೆ ಬಿಡಬಾರದು. ಗಾಜಿನ ಹೊರಮೈಗೆ ದಿನಪತ್ರಿಕೆಯ ತುಂಡು ಅಂಟಿಸಿ, ಅದರ ಅಕ್ಷರ ಚೂಪಾಗಿ ಕಂಡ ಮೇಲೆ ಫೋಕಸ್ ಬಳೆಗೆ ಟೇಪ್ ಸುತ್ತಿಬಿಡುವುದು.

ಉಸಿರು

ಹಸು ನೆಕ್ಕುವಾಗ ಮೂಗಿನ ಹೊಳ್ಳೆಗಳೂ ಗಾಜಿಗೆ ಒತ್ತಿಕೊಂಡೇ ಇರುತ್ತವೆ. ಅದರ ಮೈಯ ಬಿಸಿ ಸುಮಾರು 38.5 ಡಿಗ್ರಿ, ಬಿಡುವ ಉಸಿರಿನಲ್ಲಿ ಹಿಡಿಯಲಾಗದಷ್ಟು ನೀರಾವಿ. ಮುಂಜಾನೆಯ ತಣ್ಣನೆ ಗಾಜಿನ ಮೇಲೆ ಆ ಉಸಿರು ಬಿದ್ದರೆ ಗಾಜು ಹಾಲು ಬಿಳುಪಾಗುತ್ತದೆ, ನಾಲಿಗೆ ಒರೆಸಿದ ಪಟ್ಟಿಯಲ್ಲಷ್ಟೇ ಚಿತ್ರ. ಮಂಜು ಕಟ್ಟದಿರಲು ಗಾಜು ಉಸಿರಿಗಿಂತ ಬಿಸಿ ಇರಬೇಕು, ಬೇರೆ ಮಾಂತ್ರಿಕ ದ್ರಾವಣಗಳು ಬೇಡ; ಅವೆಲ್ಲ ಪ್ರಾಣಿಯ ಹೊಟ್ಟೆಗೆ ಹೋಗುವಂಥವು. ಪೆಟ್ಟಿಗೆಯ ತಳದಲ್ಲಿ ಗಾಜಿನ ಹತ್ತಿರ ತೂತು ಕೊರೆದು ತಲೆಗೂದಲು ಒಣಗಿಸುವ ಡ್ರೈಯರನ್ನು ಸಿಕ್ಕಿಸಿದೆ. ಬಿಸಿಗಾಳಿ ಗಾಜಿನ ಒಳಮೈಯನ್ನು ಸವರಿಕೊಂಡು ಮೇಲಿನ ಸೀಳಿನಿಂದ ಹೊರಗೆ ಹೋಗುತ್ತದೆ, ಪೋಲರೈಸಿಂಗ್ ಹಾಳೆಯ ಕಡೆಗೆ ಹೋಗುವುದಿಲ್ಲ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಥರ್ಮಾಮೀಟರ್ ಎಲ್ಲರ ಮನೆಯ ಕಪಾಟಿನಲ್ಲಿಯೂ ಧೂಳು ತಿನ್ನುತ್ತಿದೆಯಷ್ಟೆ. ಅದರಲ್ಲಿ ವಸ್ತುಗಳ ಬಿಸಿ ನೋಡುವ ಗುಂಡಿಯೂ ಇರುತ್ತದೆ. ಅದನ್ನು ಹಿಡಿದು ಹೊರಮೈ 40 ಡಿಗ್ರಿ ಮುಟ್ಟಿದ ಮೇಲೆ ಡ್ರೈಯರ್ ಆರಿಸಿ, ಬೆಲ್ಲ ಸವರುವುದು. ದಪ್ಪ ಗಾಜು ಬೇಗ ಆರುವುದಿಲ್ಲ. ಬೆಲ್ಲದ ಪಾಕವೂ ಬೆಚ್ಚಗಿದ್ದು ತೆಳುವಾಗಿ ಹರಡಿಕೊಳ್ಳುತ್ತದೆ ಎಂಬುದು ಕೇಳದೆ ಸಿಕ್ಕ ಲಾಭ.

ಇಷ್ಟೆಲ್ಲ ಹೊತ್ತ ಪೆಟ್ಟಿಗೆಗೆ ಕಾಲು ಬೇಕಲ್ಲ. ಗುಜರಿ ಅಂಗಡಿಯಲ್ಲಿ ಹಳೆಯ ಹೊಲಿಗೆ ಯಂತ್ರದ ಎರಕದ ಕಬ್ಬಿಣದ ಸ್ಟ್ಯಾಂಡ್ ಸಿಕ್ಕಿತು, ಪೆಡಲ್ ಸಮೇತ. ಎತ್ತಿ ಆಟೋಗೆ ಹಾಕುವಾಗ ಬೆನ್ನು ಹಿಡಿದುಕೊಂಡಿತು. ಆ ಭಾರವೇ ಅದರ ಗುಣ.

ಪಾಂಡವಪುರದ ಕೊಟ್ಟಿಗೆ

ಪಾಂಡವಪುರದ ಹತ್ತಿರ ದೊಡ್ಡಪ್ಪನ ಮನೆ. ಕೊಟ್ಟಿಗೆಯಲ್ಲಿ ಒಂದು ಮಿಶ್ರತಳಿ ಹಸು, ಒಂದು ಕರು, ಒಂದು ಜೊತೆ ಹಳ್ಳಿಕಾರ್ ಎತ್ತು, ಕೂಗಳತೆಯಲ್ಲಿ ಆಲೆಮನೆ. ಪಾಕಕ್ಕೆ ಬೇರೆಲ್ಲೂ ಹೋಗಬೇಕಿರಲಿಲ್ಲ. ಪೆಟ್ಟಿಗೆಯನ್ನು ಗೊಂತಿನ ಮುಂದೆ ನಿಲ್ಲಿಸಿ ಹಗ್ಗದಿಂದ ಕಂಬಕ್ಕೆ ಬಿಗಿಯುತ್ತಿದ್ದಾಗ ದೊಡ್ಡಪ್ಪ ಬಂದು ನಿಂತರು.

“ಏನಪ್ಪಾ, ನಮ್ಮ ಗೌರಿಗೆ ಎಕ್ಸ್‌ರೇ ತೆಗೆಯುತ್ತೀಯಾ?”

“ಎಕ್ಸ್‌ರೇ ಅಲ್ಲ ದೊಡ್ಡಪ್ಪ, ನಾಲಿಗೆಯ ಫೋಟೋ.”

“ಅವಳ ನಾಲಿಗೆಯಲ್ಲಿ ಏನಿದೆ ನೋಡುವುದಕ್ಕೆ? ನಿಮ್ಮ ದೊಡ್ಡಮ್ಮನದನ್ನು ತೆಗಿ, ಊರಿಗೇ ಗೊತ್ತಿರುವ ನಾಲಿಗೆ ಅದು.”

ಒಳಗಿನಿಂದ ದೊಡ್ಡಮ್ಮನ ಉತ್ತರ ಬಂತು. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಹಸು ಕೆಳಗಿನಿಂದ ಮೇಲಕ್ಕೆ ನೆಕ್ಕುತ್ತದೆ. ಆದ್ದರಿಂದ ಪಾಕವನ್ನು ಗಾಜಿನ ನಡುವಿಗಿಂತ ಸ್ವಲ್ಪ ಮೇಲೆ, ರೂಪಾಯಿ ನಾಣ್ಯದಗಲ ಇಟ್ಟರೆ ಸಾಕು. ಅಲ್ಲಿಗೆ ತಲುಪಲು ಅದು ಕೆಳಗಿನ ಗಾಜನ್ನೆಲ್ಲ ಸವರಿಕೊಂಡು ಬರುತ್ತದೆ. ಇಡೀ ಗಾಜಿಗೆ ಬಳಿದರೆ ಪಾಕದ್ದೇ ಚಿತ್ರ. ಚಮಚಕ್ಕಿಂತ ಹೆಚ್ಚು ಕೊಡಬೇಡಿ, ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಗೆ ಅತಿಯಾದ ಸಿಹಿ ಆಗಿಬರುವುದಿಲ್ಲ.

ಗಾಜಿನ ಹಿಂದಿನಿಂದ ಕಂಡದ್ದು ಹೀಗೆ. ಮೊದಲು ಮೊನಚು ತುದಿ ಬಂದು ತಾಗುತ್ತದೆ, ಬೂದುಗಪ್ಪು ಮಚ್ಚೆಗಳಿರುವ ಗುಲಾಬಿ. ತಾಗಿದೊಡನೆ ಅಗಲವಾಗುತ್ತದೆ, ತುದಿ ಮಾಯವಾಗಿ ಅಲ್ಲೊಂದು ಚಪ್ಪಟೆ ಅಂಚು ಮೂಡುತ್ತದೆ. ಗಾಜಿಗೆ ಒತ್ತಿಕೊಂಡ ಭಾಗದಲ್ಲಿ ಹೊಳಪೇ ಇಲ್ಲ. ಎಂಜಲು ಗಾಜಿಗೂ ನಾಲಿಗೆಗೂ ನಡುವಿನ ಗಾಳಿಯನ್ನು ಹೊರದೂಡಿ ಎರಡನ್ನೂ ಒಂದು ಮಾಡಿಬಿಟ್ಟಿರುತ್ತದೆ, ಬೆಳಕು ಪುಟಿಯಲು ಮೇಲ್ಮೈಯೇ ಉಳಿದಿರುವುದಿಲ್ಲ. ಅಲ್ಲಿ ಸಾವಿರಾರು ಮುಳ್ಳುಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟ. ಎಲ್ಲವೂ ಗಂಟಲಿನ ಕಡೆಗೆ ಬಾಗಿ ಮಲಗಿವೆ. ನಾಲಿಗೆ ಮೇಲಕ್ಕೆ ಸರಿದಂತೆ ಮುಳ್ಳುಗಳು ಬೆಲ್ಲವನ್ನು ಕೆರೆಯುತ್ತವೆ, ಹಿಂದೆ ಸಣ್ಣ ಗೀರುಗಳ ಸಾಲು ಉಳಿಯುತ್ತದೆ. ಹೊಳಪು ಇರುವುದು ಅಂಚಿನಲ್ಲಿ ಮಾತ್ರ, ನಾಲಿಗೆ ಗಾಜನ್ನು ಬಿಡುವ ಗೆರೆಯಲ್ಲಿ. ಅಲ್ಲಿ ಎಂಜಲು-ಬೆಲ್ಲದ ಎಳೆಗಳು ಹಿಗ್ಗಿ ಕಡಿದುಹೋಗುತ್ತವೆ. ಫಿಲ್ಟರಿನ 20 ಡಿಗ್ರಿ ಗುರುತಿನಲ್ಲಿ ಆ ಎಳೆಗಳು ಬೆಳ್ಳಿಯ ತಂತಿಗಳಾಗಿ ಕಂಡವು. ಸೊನ್ನೆಗೆ ತಂದಾಗ ಇದ್ದೂ ಕಾಣಲಿಲ್ಲ. ಮೇಲ್ದವಡೆಯ ಮುಂಭಾಗದಲ್ಲಿ ಹಸುವಿಗೆ ಹಲ್ಲಿಲ್ಲ. ಹುಲ್ಲನ್ನು ಸುತ್ತಿ ಎಳೆದು ಒಳಗೆ ಹಾಕುವ ಕೈ ಈ ನಾಲಿಗೆಯೇ. ಮೂಳೆಯೊಂದೂ ಇಲ್ಲದೆ, ಬರೀ ಸ್ನಾಯುಗಳು ಒಂದನ್ನೊಂದು ಹಿಂಡಿ ಉದ್ದ-ಗಿಡ್ಡ ಮಾಡುವ ಏರ್ಪಾಡು ಇದು. ದಸರೆಯ ಆನೆಯ ಸೊಂಡಿಲು ನಡೆಯುವುದೂ ಇದೇ ತತ್ತ್ವದ ಮೇಲೆ.

ಎತ್ತುಗಳನ್ನು ಗಾಜಿನ ಹತ್ತಿರ ಬಿಡಲಿಲ್ಲ. ಹಳ್ಳಿಕಾರ್ ಕೊಂಬಿಗೂ ನನ್ನ ಲ್ಯಾಮಿನೇಷನ್ನಿಗೂ ಪಂದ್ಯ ಕಟ್ಟುವ ಧೈರ್ಯ ನನಗಿಲ್ಲ. ಕರು ಮಾತ್ರ ನೆಕ್ಕುವುದನ್ನು ಬಿಟ್ಟು ಗಾಜನ್ನು ಚೀಪಲು ನೋಡಿತು. ನಾಲಿಗೆಯನ್ನು ದೋಣಿಯಂತೆ ಮಡಿಸಿಕೊಂಡಿರುವ ಆ ಚಿತ್ರ ಇಡೀ ಸರಣಿಯಲ್ಲಿ ನನಗೆ ಅಚ್ಚುಮೆಚ್ಚು.

ಒಂದು ಎಚ್ಚರಿಕೆಯನ್ನು ತುಸು ಗಟ್ಟಿಯಾಗಿಯೇ ಹೇಳಬೇಕು. ಕಾಲುಬಾಯಿ ಜ್ವರ ಎಂಜಲಿನಿಂದ ಹರಡುತ್ತದೆ. ಒಂದು ಕೊಟ್ಟಿಗೆಯಲ್ಲಿ ನೆಕ್ಕಿಸಿದ ಗಾಜನ್ನು ಹಾಗೆಯೇ ಇನ್ನೊಂದು ಕೊಟ್ಟಿಗೆಗೆ ಒಯ್ಯುವುದೆಂದರೆ ರೋಗವನ್ನು ಮನೆಬಾಗಿಲಿಗೆ ಮುಟ್ಟಿಸಿದಂತೆ. ಆ ವೈರಸ್ ಕ್ಷಾರಕ್ಕೆ ಸಾಯುತ್ತದೆ, ಶೇಕಡಾ 4ರ ಸೋಡಿಯಂ ಕಾರ್ಬೊನೇಟ್ ದ್ರಾವಣ ಅದಕ್ಕೆ ಸಾಕು. ಗಾಜು, ರಬ್ಬರ್, ಚೌಕಟ್ಟು ಎಲ್ಲವನ್ನೂ ಅದರಲ್ಲಿ ತೊಳೆದು, ಆಮೇಲೆ ಶುದ್ಧ ನೀರಿನಲ್ಲಿ ತೊಳೆಯಬೇಕು. ನಾನಂತೂ ಒಂದೇ ಕೊಟ್ಟಿಗೆಗೆ ತೃಪ್ತಿಪಟ್ಟುಕೊಂಡೆ. ಸಿಲಿಕೋನ್ ಬೇಡವೆಂದು ರಬ್ಬರ್ ಹಾಕಿದ್ದಕ್ಕೆ ಇದೂ ಕಾರಣ.

ನಾಯಿ, ಬೆಕ್ಕು, ಜಿರಾಫೆ

ನಾಯಿ ಸುಲಭ. ಪಕ್ಕದ ಮನೆಯ, ರೇಬೀಸ್ ಲಸಿಕೆ ಹಾಕಿಸಿದ ನಾಯಿ. ಹುರಿದ ಕಡಲೆಕಾಯಿಯನ್ನು ಉಪ್ಪಿಲ್ಲದೆ ರುಬ್ಬಿ ಗಾಜಿಗೆ ಸವರಿದೆ. ಅಂಗಡಿಯ ಪೀನಟ್ ಬಟರ್ ಆದರೆ ಅದರಲ್ಲಿ ಕ್ಸೈಲಿಟಾಲ್ ಎಂಬ ಸಿಹಿ ಇದೆಯೇ ಎಂದು ನೋಡಿ ಕೊಳ್ಳಬೇಕು, ನಾಯಿಗಳಿಗೆ ಅದು ವಿಷ. ಬೀದಿನಾಯಿಗಳನ್ನು ಇದಕ್ಕೆ ಕರೆಯಬೇಡಿ.

ಬೆಕ್ಕು ಬೆಲ್ಲದ ಕಡೆ ತಿರುಗಿಯೂ ನೋಡಲಿಲ್ಲ, ಅದು ಸೊಕ್ಕಿನಿಂದಲ್ಲ. ಬೆಕ್ಕಿನ ಜಾತಿಗೆ ಸಿಹಿಯ ರುಚಿಯೇ ತಿಳಿಯುವುದಿಲ್ಲ. ಸಿಹಿ ಗುರುತಿಸುವ ಗ್ರಾಹಕದ ಒಂದು ಜೀನ್ ಅವುಗಳಲ್ಲಿ ಕೆಟ್ಟುಹೋಗಿದೆಯೆಂದು 2005ರಲ್ಲಿ ಕಂಡುಕೊಂಡರು. ಮೀನು ತೊಳೆದ ನೀರಿಗೆ ಬಂತು. ಅದರ ನಾಲಿಗೆಯ ಮುಳ್ಳುಗಳ ತುದಿ ಟೊಳ್ಳು, ಎಂಜಲನ್ನು ಹೀರಿ ಹಿಡಿದು ಮೈಗೂದಲಿನ ಬುಡದವರೆಗೆ ಒಯ್ಯುತ್ತವೆ ಎಂದು 2018ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದ್ದಾರೆ. ನನ್ನ ಲೆನ್ಸಿಗೆ ಮುಳ್ಳು ಕಾಣುತ್ತದೆ, ಟೊಳ್ಳು ಕಾಣುವುದಿಲ್ಲ. ಬೆಕ್ಕು ನೀರು ಕುಡಿಯುವುದನ್ನು ಹಿಡಿಯಲು ಗಾಜಿನ ಪೆಟ್ಟಿಗೆ ಬೇಡ, ಫ್ಲ್ಯಾಶ್ ಬೇಕು. ಸೆಕೆಂಡಿಗೆ ಸುಮಾರು ನಾಲ್ಕು ಸಲ ನಾಲಿಗೆ ಚಾಚುತ್ತದೆ. ಎಂಐಟಿಯ ಹೆರಾಲ್ಡ್ ಎಡ್ಗರ್ಟನ್ 1940ರಲ್ಲಿಯೇ ಅದನ್ನು ಅತಿವೇಗದ ಚಿತ್ರೀಕರಣದಲ್ಲಿ ಹಿಡಿದಿದ್ದರು. ತುದಿಯ ಮೇಲ್ಭಾಗ ಮಾತ್ರ ನೀರನ್ನು ಮುಟ್ಟಿ ಮೇಲೇಳುವಾಗ ನೀರಿನ ಕಂಬವೊಂದು ಹಿಂದೆಯೇ ಎದ್ದುಬರುತ್ತದೆ, ಅದು ಬೀಳುವ ಮೊದಲೇ ಬೆಕ್ಕು ಬಾಯಿ ಮುಚ್ಚುತ್ತದೆ ಎಂಬ ವಿವರಣೆ 2010ರದು. ಫ್ಲ್ಯಾಶನ್ನು 1/32 ಶಕ್ತಿಗೆ ಇಳಿಸಿದರೆ ಅದರ ಮಿಂಚಿನ ಅವಧಿ ತೀರ ಚಿಕ್ಕದಾಗುತ್ತದೆ, ನೀರಿನ ಕಂಬ ನಿಂತಲ್ಲೇ ನಿಲ್ಲುತ್ತದೆ.

ಮೃಗಾಲಯದ ಜಿರಾಫೆಗೆ ಪೆಟ್ಟಿಗೆ ಹಿಡಿಯಲು ಯಾರು ಬಿಡುತ್ತಾರೆ? 1892ರಿಂದ ಇರುವ ನಮ್ಮ ಶ್ರೀ ಚಾಮರಾಜೇಂದ್ರ ಮೃಗಾಲಯದಲ್ಲಿ ಟಿಕೆಟ್ ಕೊಂಡು, ಎಲ್ಲರೊಂದಿಗೆ ಬೇಲಿಯ ಹೊರಗೆ ನಿಂತು, ಉದ್ದದ ಲೆನ್ಸಿನಲ್ಲಿ ತೆಗೆದೆ. ಸುಮಾರು 45 ಸೆಂಟಿಮೀಟರ್ ಉದ್ದದ ನಾಲಿಗೆ, ಮುಂದಿನ ಭಾಗ ನೇರಳೆಗಪ್ಪು, ಬುಡಕ್ಕೆ ಹೋದಂತೆ ಗುಲಾಬಿ. ದಿನವಿಡೀ ಬಿಸಿಲಿಗೆ ಚಾಚಿಕೊಂಡಿರುವುದರಿಂದ ಕಪ್ಪು ಎಂದು ಬಹುಮಂದಿ ನಂಬುತ್ತಾರೆ. ಬಿಸಿಲಿನಲ್ಲಿ ಲೆನ್ಸಿನ ಪೋಲರೈಸರ್ ಒಂದೇ ಹೆಚ್ಚೇನೂ ಮಾಡಲಾರದು. ಮೋಡ ಬಂದಾಗ ಕಾದು ತೆಗೆಯುವುದೇ ಮೇಲು.

ಮನುಷ್ಯರು

ಗಾಜು ತೆಗೆದು ಗಲ್ಲದ ಪಟ್ಟಿ ಹಾಕಿದೆ. ಯಾರೂ ಏನನ್ನೂ ನೆಕ್ಕುವುದಿಲ್ಲ, ಪಟ್ಟಿಗೆ ಪ್ರತಿಯೊಬ್ಬರಿಗೂ ಹೊಸ ಟಿಶ್ಯೂ. ನಾಲಿಗೆ ಚಾಚಿ ಎಂದರೆ ದೊಡ್ಡವರಿಗೆ ಬರುವುದೇ ಇಲ್ಲ. ಅಣಕಿಸುವುದಕ್ಕೆ, ಇಲ್ಲವೇ ವೈದ್ಯರಿಗೆ ಬಿಟ್ಟು ನಾಲಿಗೆ ತೋರಿಸಿ ನಮಗೆ ರೂಢಿಯಿಲ್ಲ. ಬೈಲಕುಪ್ಪೆಯ ಟಿಬೆಟನ್ ಹಿರಿಯರೊಬ್ಬರು ಮಾತ್ರ ವಿಷಯ ಹೇಳಿದೊಡನೆ ನಕ್ಕು, ತಲೆ ಬಾಗಿಸಿ ಚಾಚಿಬಿಟ್ಟರು. ಹಳೆಯ ಟಿಬೆಟಿನಲ್ಲಿ ಅದು ಗೌರವದ ನಮಸ್ಕಾರ. ಒಂಬತ್ತನೆಯ ಶತಮಾನದ ಲಂಗ್‌ದರ್ಮ ಎಂಬ ಕ್ರೂರ ದೊರೆಗೆ ಕಪ್ಪು ನಾಲಿಗೆ ಇತ್ತಂತೆ; ತಾನು ಅವನ ಮರುಹುಟ್ಟಲ್ಲ ಎಂದು ತೋರಿಸಲು ಈ ಪದ್ಧತಿ ಬಂತು ಎಂದು ಕಥೆ.

ಕೇಕಿಗೆ ಹಾಕುವ ನೀಲಿ ಬಣ್ಣದ ಒಂದು ತೊಟ್ಟನ್ನು ನಾಲಿಗೆಯ ತುದಿಗೆ ಹಚ್ಚಿ ಸೊನ್ನೆ ಡಿಗ್ರಿಯಲ್ಲಿ ತೆಗೆದ ಚಿತ್ರಗಳು ನೋಡುವಂತಿವೆ. ಸಣ್ಣ ಮುಳ್ಳುಗಳೆಲ್ಲ ನೀಲಿ ಹೀರಿಕೊಳ್ಳುತ್ತವೆ. ನಡುನಡುವೆ ಇರುವ, ರುಚಿಯ ಮೊಗ್ಗುಗಳನ್ನು ಹೊತ್ತ ಅಣಬೆಯಾಕಾರದ ಗುಬುಟುಗಳು ಗುಲಾಬಿಯಾಗಿಯೇ ಉಳಿಯುತ್ತವೆ. ಒಬ್ಬರ ನಾಲಿಗೆಯಲ್ಲಿ ಒತ್ತೊತ್ತಾಗಿ, ಇನ್ನೊಬ್ಬರಲ್ಲಿ ಅಲ್ಲೊಂದು ಇಲ್ಲೊಂದು. ತುದಿಗೆ ಸಿಹಿ, ಬುಡಕ್ಕೆ ಕಹಿ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ ನಕ್ಷೆ ತಪ್ಪು ಎಂಬುದೂ ಇಲ್ಲಿ ಮಾತಿಗೆ ಬರುತ್ತದೆ. 1901ರ ಒಂದು ಜರ್ಮನ್ ಪ್ರಬಂಧದ ಸಣ್ಣ ವ್ಯತ್ಯಾಸಗಳನ್ನು ಮುಂದೆ ಉಬ್ಬಿಸಿ ಬರೆದದ್ದರ ಫಲ ಅದು. ರುಚಿಯ ಮೊಗ್ಗು ಇರುವ ಕಡೆಯೆಲ್ಲ ಎಲ್ಲ ರುಚಿಯೂ ತಿಳಿಯುತ್ತದೆ.

ಕೆಲವರು ತಮ್ಮ ಚಿತ್ರವನ್ನು ದೊಡ್ಡದಾಗಿ ನೋಡಿದೊಡನೆ ಗಾಬರಿಯಾಗುತ್ತಾರೆ. ಬುಡದಲ್ಲಿ ವಿ ಆಕಾರದಲ್ಲಿ ಎಂಟರಿಂದ ಹನ್ನೆರಡು ದಪ್ಪ ಗುಳ್ಳೆಗಳು ಎಲ್ಲರಿಗೂ ಇರುತ್ತವೆ, ಅವು ಗಡ್ಡೆಯಲ್ಲ. ಅಷ್ಟು ಹೇಳುತ್ತೇನೆ, ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ಎರಡು ವಾರವಾದರೂ ಮಾಯದ ಹುಣ್ಣು ಕಂಡರೆ ದಂತವೈದ್ಯರ ಹತ್ತಿರ ಹೋಗಿ ಎಂದು ಕಳಿಸುತ್ತೇನೆ. ಹಬ್ಬದ ಬಾಯಿಬೀಗದ ಚಿತ್ರ ಸೇರಿಸು ಎಂದು ಒತ್ತಾಯಿಸಿದವರಿದ್ದಾರೆ. ಅದು ಹರಕೆ, ನನ್ನ ದೀಪಕ್ಕೆ ಕೂರಿಸುವ ಪ್ರದರ್ಶನವಲ್ಲ, ಸೇರಿಸಲಿಲ್ಲ.

ದೊಡ್ಡಮ್ಮ ಕೊನೆಗೆ ತಾವಾಗಿಯೇ ಬಂದು ಕುಳಿತರು, ಮೈಸೂರು ಎಲೆ ಹಾಕಿಕೊಂಡು. ಅಡಿಕೆಯ ರಸಕ್ಕೆ ಸುಣ್ಣದ ಕ್ಷಾರ ಸೇರಿ ಬರುವ ಆ ಕೆಂಪಿಗೆ 20 ಡಿಗ್ರಿ ಸಾಲಲಿಲ್ಲ. 30ಕ್ಕೆ ತಿರುಗಿಸಿದೆ, ನಾಲಿಗೆಯ ನಡುವಿನ ಸೀಳಿನಲ್ಲಿ ನಿಂತಿದ್ದ ರಸ ಮಿಂಚಿತು. ಕ್ಯಾಮೆರಾದ ಕೆಂಪು ಚಾನೆಲ್ ಮಾತ್ರ ಹಸಿರು, ನೀಲಿ ಚಾನೆಲ್‌ಗಳಿಗಿಂತ ಮೊದಲೇ ತುಂಬಿ ತುಳುಕುತ್ತದೆ. ಚಿತ್ರದ ಬೆಳಕು ಎಲ್ಲೆಲ್ಲಿ ಎಷ್ಟಿದೆ ಎಂದು ಕ್ಯಾಮೆರಾ ತೋರಿಸುವ ಬಿಳಿ ಹಿಸ್ಟೋಗ್ರಾಂ ನಕ್ಷೆಯನ್ನಷ್ಟೇ ನೋಡಿ ಸಮಾಧಾನ ಪಟ್ಟುಕೊಳ್ಳದೆ ಮೂರು ಬಣ್ಣದ್ದನ್ನೂ ಬೇರೆಬೇರೆಯಾಗಿ ನೋಡಿ, ಬೆಳಕನ್ನು ತುಸು ತಗ್ಗಿಸಿಯೇ ತೆಗೆಯಬೇಕು.

ಪ್ರಿಂಟಿಗೆ ಮ್ಯಾಟ್ ಕಾಗದ ಬೇಡ, ಒದ್ದೆಯೆಲ್ಲ ಒಣಗಿಹೋಗುತ್ತದೆ. ಪೂರ್ತಿ ಗ್ಲಾಸಿಯೂ ಬೇಡ. ಕಷ್ಟಪಟ್ಟು ಅಳೆದು ಉಳಿಸಿದ ಹೊಳಪಿನ ಮೇಲೆ ಕೋಣೆಯ ಟ್ಯೂಬ್‌ಲೈಟ್ ಬಂದು ಕೂರುತ್ತದೆ. ನಡುವಿನ ಲಸ್ಟರ್ ಸರಿ. ದೊಡ್ಡಮ್ಮನದನ್ನು ದೊಡ್ಡ ಅಳತೆಯಲ್ಲಿ ಹಾಕಿಸಿ ಕೊಟ್ಟಿದ್ದೇನೆ. ಕೊಟ್ಟಿಗೆಗೆ ಹೋಗುವ ಬಾಗಿಲಿನ ಪಕ್ಕದಲ್ಲಿ, ಗೌರಿಯದಕ್ಕಿಂತ ಮೇಲೆ ತೂಗುಹಾಕಿಸಿದ್ದಾರೆ.

ಉಳಿದಿರುವ ಕೆಲಸಗಳಲ್ಲಿ ಮೊದಲನೆಯದು ಡ್ರೈಯರಿನ ಸದ್ದು. ಕರು ಅದಕ್ಕೆ ಬೆಚ್ಚುತ್ತದೆ. ಗಾಜಿನ ಅಂಚಿಗೆ ಬಿಸಿಯಾಗುವ ಪಟ್ಟಿ ಅಂಟಿಸುವ ಯೋಚನೆ ಇದೆ. ಚೌಕಟ್ಟಿಗೆ ತಿರುಪುಮೊಳೆಯ ಬದಲು ಚಿಲಕ ಹಾಕಬೇಕು. ಜೂನ್ ಹೊತ್ತಿಗೆ ಇವೆರಡೂ ಮುಗಿದರೆ ನೇರಳೆ ಹಣ್ಣಿನ ಕಾಲಕ್ಕೆ ಬೀದಿಯ ಮಕ್ಕಳನ್ನೆಲ್ಲ ಅವರ ಅಪ್ಪ-ಅಮ್ಮನ ಒಪ್ಪಿಗೆ ಪಡೆದು ಸಾಲಾಗಿ ಕೂರಿಸಬಹುದು. ನೇರಳೆಯ ಊದಾ ಬಣ್ಣಕ್ಕೆ ಎಷ್ಟು ಡಿಗ್ರಿ ಹೊಂದುತ್ತದೆಂದು ಉಗುರುಬಣ್ಣದಲ್ಲಿ ನಾಲ್ಕನೆಯ ಗುರುತು ಹಾಕುವುದು ಬಾಕಿ ಇದೆ. ಬಾಟಲಿಯನ್ನು ಈ ಸಲ ಕೇಳಿಯೇ ತೆಗೆದುಕೊಳ್ಳಬೇಕಂತೆ.